ಬೂದಿಕೋಟೆಯ ವಿದ್ಯಾರ್ಥಿನಿಯ ಪ್ರಶ್ನೆ: ಕನ್ನಡ ಸಂಶೋಧನೆ ಯಾರ ಕೈಗೆ ಎಟಕಬೇಕು?

ಕಳೆದ ವರ್ಷ ಪದವಿ ತರಗತಿಯಲ್ಲಿ ಶಾಸನ ಸಾಹಿತ್ಯದ ಪಾಠ ಮುಗಿಸಿ ಹೊರಬರುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಹಿಂದೆಯೇ ಬಂದಳು. ಅವಳ ಊರು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ. ಮನೆಮಾತು ತೆಲುಗು, ಓದಿದ್ದೆಲ್ಲ ಕನ್ನಡ ಶಾಲೆಯಲ್ಲಿ. "ಸರ್, ನಮ್ಮೂರಿಗೆ ಬಂದವರೆಲ್ಲ ಹೈದರ್ ಅಲಿ ಹುಟ್ಟಿದ ಜಾಗ ಎಲ್ಲಿ ಅಂತ ಕೇಳಿ ನೋಡಿಕೊಂಡು ಹೋಗುತ್ತಾರೆ. ಅದಕ್ಕಿಂತ ಹಿಂದಿನ ಕಲ್ಲುಗಳು ನಮ್ಮ ಕಡೆ ಬೇಕಾದಷ್ಟಿವೆ. ಅವನ್ನು ಯಾರಾದರೂ ಓದಿದ್ದಾರಾ?" ಎಂದು ಕೇಳಿದಳು. "ಓದಿದ್ದಾರಮ್ಮ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ನೋಡು" ಎಂದೆ.

ಮರುದಿನ ಬೆಳಿಗ್ಗೆ ಅವಳು ತನ್ನ ಮೊಬೈಲಿನಲ್ಲಿ ಆ ಸಂಪುಟವನ್ನೇ ಹಿಡಿದು ತಂದಿದ್ದಳು. ಬಿ.ಎಲ್. ರೈಸ್ ಅವರು 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದ ಸಂಪುಟ ಅದು. ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ, ಮೂರೂ ಅದರಲ್ಲಿವೆ. "ಬೌರಿಂಗ್‌ಪೇಟೆ ತಾಲ್ಲೂಕು ಅಂತ ಇದೆ ಸರ್, ಅದು ನಮ್ಮ ಬಂಗಾರಪೇಟೆಯೇ ಅಲ್ಲವಾ?" ಎಂದಳು. ಹೌದೆಂದೆ. ಆಗ ಅವಳು ಕೇಳಿದ ಎರಡನೆಯ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ: "ಇದಾಗಿ ನೂರು ವರ್ಷದ ಮೇಲಾಯಿತು. ಆಮೇಲೆ ಯಾರೂ ಬರೆದಿಲ್ಲವಾ?"

ಬರೆದಿದ್ದಾರೆ. ಧಾರಾಳವಾಗಿ ಬರೆದಿದ್ದಾರೆ. ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಹೊಸ ಶಾಸನಗಳು ಬಂದವು. ರೈಸ್ ಅವರ ಪಾಠಗಳನ್ನು ನಮ್ಮ ವಿದ್ವಾಂಸರು ತಿದ್ದಿದರು. ಗಂಗರು, ಬಾಣರು, ನೊಳಂಬರು, ಚೋಳರು ಈ ನೆಲದಲ್ಲಿ ನಡೆದಾಡಿದ ಕಾಲವನ್ನು ಕುರಿತು ಮಹಾಪ್ರಬಂಧಗಳು ಸಿದ್ಧವಾದವು. ವಿಚಾರ ಸಂಕಿರಣಗಳ ಸಂಪುಟಗಳಲ್ಲಿಯೂ ಅಭಿನಂದನ ಗ್ರಂಥಗಳಲ್ಲಿಯೂ ವಿಶ್ವವಿದ್ಯಾಲಯಗಳ ಪತ್ರಿಕೆಗಳಲ್ಲಿಯೂ ಲೇಖನಗಳು ಹರಡಿಕೊಂಡಿವೆ. ಇವನ್ನೆಲ್ಲ ನಾನು ಉತ್ಸಾಹದಿಂದ ಪಟ್ಟಿ ಮಾಡಿ ಹೇಳಿದೆ. ಅವಳು ಕೇಳಿಸಿಕೊಂಡು, "ಇವನ್ನು ನಾನು ಎಲ್ಲಿ ಓದಲಿ ಸರ್?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಾನು ಹೇಳಿದ ಪಟ್ಟಿಯಲ್ಲಿ ನನ್ನದೇ ಮಹಾಪ್ರಬಂಧವೂ ಇತ್ತು.

ತೆರೆದ ಹಳೆಯದು, ಮುಚ್ಚಿದ ಹೊಸದು

ಈ ಸ್ಥಿತಿಯ ವೈಪರೀತ್ಯವನ್ನು ಗಮನಿಸಬೇಕು. ಬೂದಿಕೋಟೆಯನ್ನು ಕುರಿತು ತಿಳಿಯಬಯಸುವ ಯಾರೇ ಆಗಲಿ, ಮಾರ್ಕ್ ವಿಲ್ಕ್ಸ್ 1810ರಿಂದ 1817ರವರೆಗೆ ಪ್ರಕಟಿಸಿದ ಮೈಸೂರಿನ ಚರಿತ್ರೆಯನ್ನು ಉಚಿತವಾಗಿ ಓದಬಹುದು. ಕಿರ್ಮಾನಿಯ ಪಾರಸಿ ಗ್ರಂಥಕ್ಕೆ ಕರ್ನಲ್ ಮೈಲ್ಸ್ 1842ರಲ್ಲಿ ಮಾಡಿದ ಇಂಗ್ಲಿಷ್ ಅನುವಾದವೂ ಉಚಿತ. ರೈಸ್ ಅವರ ಗ್ಯಾಸೆಟಿಯರೂ ಶಾಸನ ಸಂಪುಟಗಳೂ ಉಚಿತ. ಇವೆಲ್ಲ ಅಮೂಲ್ಯ ಗ್ರಂಥಗಳೇ. ಆದರೆ ಇವುಗಳಲ್ಲಿ ತಪ್ಪುಗಳಿವೆ. ಇವುಗಳನ್ನು ಬರೆದವರಿಗೆ ತಮ್ಮದೇ ಆದ ಸರ್ಕಾರಿ ದೃಷ್ಟಿಯಿತ್ತು. ಆ ತಪ್ಪುಗಳನ್ನು ತಿದ್ದಿದ, ಆ ದೃಷ್ಟಿಯನ್ನು ಪ್ರಶ್ನಿಸಿದ ಕಳೆದ ಎಪ್ಪತ್ತೆಂಬತ್ತು ವರ್ಷಗಳ ಕನ್ನಡ ವಿದ್ವತ್ತಿನ ಬಹುಭಾಗ ಮಾತ್ರ ಓದುಗನ ಕೈಗೆ ಸಿಗುವುದಿಲ್ಲ.

ಅಂದರೆ ತಪ್ಪು ತೆರೆದಿದೆ, ತಿದ್ದುಪಡಿ ಮುಚ್ಚಿದೆ. ಸ್ವಾತಂತ್ರ್ಯಾನಂತರ ನಮ್ಮ ತೆರಿಗೆಯ ಹಣದಿಂದ, ನಮ್ಮ ವಿಶ್ವವಿದ್ಯಾಲಯಗಳಲ್ಲಿ, ನಮ್ಮ ಭಾಷೆಯಲ್ಲಿ ನಡೆದ ಸಂಶೋಧನೆ ನಮ್ಮ ಊರಿನ ಮಕ್ಕಳಿಗಿಲ್ಲ. ವಸಾಹತು ಕಾಲದ ಅಧಿಕಾರಿಯ ಬರಹ ಮಾತ್ರ ಇದೆ. ಖಾಲಿ ಉಳಿದ ಜಾಗವನ್ನು ವಾಟ್ಸಾಪ್ ಚರಿತ್ರೆಕಾರರು ತುಂಬುತ್ತಿದ್ದಾರೆ. ಹೈದರನನ್ನು ಹೊಗಳುವವರೂ ತೆಗಳುವವರೂ ಯಾವ ಆಧಾರವನ್ನೂ ನೋಡದೆ ಬರೆಯುತ್ತಾರೆಂದು ನಾವು ಸಭೆಗಳಲ್ಲಿ ದೂರುತ್ತೇವೆ. ಆಧಾರಗಳನ್ನು ನಾವು ಎಲ್ಲಿ ಇಟ್ಟಿದ್ದೇವೆಂದು ನಮ್ಮನ್ನು ನಾವೇ ಕೇಳಿಕೊಳ್ಳುವುದಿಲ್ಲ.

ಚಿನ್ನದ ಗಣಿಯ ಎರಡು ಪತ್ರಿಕೆಗಳು

ಸಂಶೋಧನೆಯನ್ನು ಎಲ್ಲರಿಗೂ ಉಚಿತವಾಗಿ ದೊರಕಿಸಬೇಕೆಂಬ ಚಳವಳಿಗೆ ಇಂದು ಮುಕ್ತ ಲಭ್ಯತೆ ಎಂಬ ಹೆಸರಿದೆ. 2002ರ ಬುಡಾಪೆಸ್ಟ್ ಘೋಷಣೆ ಅದಕ್ಕೊಂದು ಸ್ಪಷ್ಟ ರೂಪ ಕೊಟ್ಟಿತು. ಇದು ವಿದೇಶದ ವಿಜ್ಞಾನಿಗಳ ವ್ಯವಹಾರವೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಆದರೆ ಇದಕ್ಕೆ ಒಳ್ಳೆಯ ನಿದರ್ಶನ ಬೂದಿಕೋಟೆಯ ನೆರೆಯಲ್ಲಿಯೇ ಇದೆ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದರೆ ಸಿಗುವ ಕೋಲಾರದ ಚಿನ್ನದ ಗಣಿ ಕೇವಲ ಚಿನ್ನ ಕೊಟ್ಟ ನೆಲವಲ್ಲ. 1965ರಲ್ಲಿ ಅಲ್ಲಿನ ಚಾಂಪಿಯನ್ ರೀಫ್ ಗಣಿಯೊಳಗೆ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯಗಳವರ ಜೊತೆಗೂಡಿ, ವಿಶ್ವಕಿರಣಗಳಿಂದ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಕುರುಹನ್ನು ಪತ್ತೆಮಾಡಿದರು. ಜಗತ್ತಿನಲ್ಲಿ ಅಂಥ ಮೊದಲ ಪತ್ತೆಗಳಲ್ಲಿ ಅದೊಂದು. ಆ ತಂಡದಲ್ಲಿ ನಮ್ಮ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರಿದ್ದರು.

ಆ ಪ್ರಬಂಧ ಪ್ರಕಟವಾದದ್ದು ಯುರೋಪಿನ ಫಿಸಿಕ್ಸ್ ಲೆಟರ್ಸ್ ಎಂಬ ಪತ್ರಿಕೆಯಲ್ಲಿ. ಆ ಪತ್ರಿಕೆಯ ಸಂಚಿಕೆಗಳ ಹಕ್ಕು ಇಂದು ಎಲ್ಸೆವಿಯರ್ ಎಂಬ ಬಹುರಾಷ್ಟ್ರೀಯ ಪ್ರಕಾಶನ ಸಂಸ್ಥೆಯದು. ಗಣಿಯಲ್ಲಿ ದುಡಿದ ಕಾರ್ಮಿಕನ ಮೊಮ್ಮಗ ತನ್ನ ಊರಿನಲ್ಲಿ ನಡೆದ ಆ ಪ್ರಯೋಗದ ಮೂಲ ಪ್ರಬಂಧವನ್ನು ಓದಬೇಕಾದರೆ ಚಂದಾದಾರ ಸಂಸ್ಥೆಯೊಂದರ ಸದಸ್ಯನಾಗಿರಬೇಕು, ಇಲ್ಲವೇ ಹಣ ತೆರಬೇಕು. ಅದೇ ಗಣಿಯ ಪ್ರಯೋಗಾಲಯದಿಂದ ಹತ್ತು ವರ್ಷಗಳ ಅನಂತರ, 1975ರಲ್ಲಿ, 'ಕೋಲಾರ ಘಟನೆಗಳು' ಎಂದು ಪ್ರಸಿದ್ಧವಾದ ವಿಚಿತ್ರ ಕುರುಹುಗಳ ವಿವರ ಹೊರಬಂದಿತು. ಅದನ್ನು ಆ ವಿಜ್ಞಾನಿಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ 'ಪ್ರಮಾಣ' ಪತ್ರಿಕೆಯಲ್ಲಿಯೂ ಪ್ರಕಟಿಸಿದರು. ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಆ ಅಕಾಡೆಮಿ ತನ್ನ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನೆಲ್ಲ ಜಾಲತಾಣದಲ್ಲಿ ತೆರೆದಿಟ್ಟಿದೆ. ಅಲ್ಲಿ ಯಾರು ಬೇಕಾದರೂ ಅದನ್ನು ಕಾಸಿಲ್ಲದೆ ಓದಬಹುದು.

ಒಂದೇ ಗಣಿ, ಒಂದೇ ಪ್ರಯೋಗಾಲಯ. ಒಂದು ಪ್ರಬಂಧಕ್ಕೆ ಬೀಗವಿದೆ, ಇನ್ನೊಂದಕ್ಕಿಲ್ಲ. ವ್ಯತ್ಯಾಸ ವಿಜ್ಞಾನದಲ್ಲಿಲ್ಲ, ಎಲ್ಲಿ ಪ್ರಕಟಿಸಿದರು, ಆ ಪ್ರಕಾಶಕರು ತಮ್ಮ ಕರ್ತವ್ಯವನ್ನು ಹೇಗೆ ಅರಿತರು ಎಂಬುದರಲ್ಲಿದೆ.

ಮುಕ್ತ ಲಭ್ಯತೆಗೆ ಮುಖ್ಯವಾಗಿ ಮೂರು ಮಾರ್ಗಗಳನ್ನು ಹೇಳುತ್ತಾರೆ. ಲೇಖಕನು ತನ್ನ ಪ್ರಬಂಧದ ಪ್ರತಿಯೊಂದನ್ನು ವಿಶ್ವವಿದ್ಯಾಲಯದ ಅಥವಾ ಸಾರ್ವಜನಿಕ ಸಂಗ್ರಹದಲ್ಲಿ ಇರಿಸುವುದು ಹಸಿರು ಮಾರ್ಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲಿಯೇ ಇಂಥ ಸಂಗ್ರಹವನ್ನು ಆರಂಭಿಸಿ ದೇಶಕ್ಕೆ ದಾರಿ ತೋರಿಸಿತು. ಪತ್ರಿಕೆಯೇ ಪ್ರಬಂಧವನ್ನು ತೆರೆದಿಡುವುದು ಚಿನ್ನದ ಮಾರ್ಗ. ಇದರಲ್ಲಿ ಓದುಗನಿಂದ ಪಡೆಯದ ಹಣವನ್ನು ಬಹುಮಟ್ಟಿಗೆ ಲೇಖಕನಿಂದ ಪಡೆಯುತ್ತಾರೆ. ಹೆಸರಾಂತ ಕೆಲವು ಪತ್ರಿಕೆಗಳಲ್ಲಿ ಈ ಶುಲ್ಕ ಲಕ್ಷ ರೂಪಾಯಿಗಳನ್ನು ದಾಟುತ್ತದೆ. ಓದುಗನೂ ಕೊಡದೆ ಲೇಖಕನೂ ಕೊಡದೆ ಸಂಸ್ಥೆಯೇ ವೆಚ್ಚವನ್ನು ಹೊರುವುದು ವಜ್ರ ಮಾರ್ಗ. ಚಿನ್ನದ ಸೀಮೆಯವನಾದ ನನಗೆ ಕನ್ನಡಕ್ಕೆ ಚಿನ್ನದ ಮಾರ್ಗ ಸಲ್ಲದೆಂದೇ ಅನ್ನಿಸುತ್ತದೆ. ಅತಿಥಿ ಉಪನ್ಯಾಸಕನೊಬ್ಬ ತನ್ನ ಲೇಖನ ಪ್ರಕಟವಾಗಲೆಂದು ಸಂಬಳದ ಹಣ ಸುರಿಯುವ ವ್ಯವಸ್ಥೆ ಈಗಾಗಲೇ ನಮ್ಮಲ್ಲಿ ಬೆಳೆದಿದೆ. ಬಡ್ತಿಯ ಅಂಕಗಳಿಗಾಗಿ ಹಣ ಪಡೆದು, ಓದಿಯೂ ನೋಡದೆ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. ಇವನ್ನು ತಡೆಯಲೆಂದು ಯುಜಿಸಿ 2019ರಲ್ಲಿ ತಂದ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಡಲಾಯಿತು. ನಮಗೆ ಉಳಿದಿರುವ ಗೌರವದ ದಾರಿಗಳು ಹಸಿರು ಮತ್ತು ವಜ್ರ ಎರಡೇ.

ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. 6,300ಕ್ಕೂ ಹೆಚ್ಚು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು. ಸಣ್ಣ ಊರಿನ ಸರ್ಕಾರಿ ಕಾಲೇಜಿಗೂ ದೊಡ್ಡ ಪತ್ರಿಕೆಗಳು ಬರುವಂತಾದದ್ದು ಸ್ವಾಗತಾರ್ಹ. ಆದರೆ ಇದು ಬಾಗಿಲನ್ನು ತೆರೆದದ್ದಲ್ಲ, ಬಾಗಿಲ ಕಾವಲುಗಾರನಿಗೆ ಮೂರು ವರ್ಷದ ಹಣ ಕಟ್ಟಿದ್ದು. ಪದವಿ ಮುಗಿಸಿ ಊರಿಗೆ ಹಿಂದಿರುಗಿದವನಿಗೆ ಆ ಪತ್ರಿಕೆಗಳು ಮತ್ತೆ ಮುಚ್ಚಿಕೊಳ್ಳುತ್ತವೆ. ಇನ್ನು 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಆರಂಭಿಸಿದ 'ಪ್ರಬುದ್ಧ ಕರ್ನಾಟಕ'ದ ಹಳೆಯ ಸಂಚಿಕೆಯೊಂದು ಈ 6,000 ಕೋಟಿಯಿಂದ ತೆರೆದುಕೊಳ್ಳುವುದಿಲ್ಲ.

ಬೀಗ ಹಾಕಿದವರು ನಾವೇ

ಇಲ್ಲಿ ಕನ್ನಡದ ಸ್ಥಿತಿ ಬೇರೆಯೆಂಬುದನ್ನು ಒಪ್ಪಿಕೊಳ್ಳಬೇಕು. ವಿಜ್ಞಾನದಲ್ಲಿ ಬೀಗದ ಹಿಂದೆ ಅಪಾರ ಲಾಭವಿದೆ; ಬೀಗ ಹಾಕಿದವನು ಯಾರೆಂದು ಬೊಟ್ಟುಮಾಡಿ ತೋರಿಸಬಹುದು. ಕನ್ನಡ ಸಂಶೋಧನೆಯಿಂದ ಲಾಭ ಮಾಡಿಕೊಂಡವರನ್ನು ನಾನಂತೂ ಕಂಡಿಲ್ಲ. ಮಹಾಪ್ರಬಂಧವನ್ನು ಪುಸ್ತಕ ಮಾಡಲು ಲೇಖಕನೇ ಕೈಯಿಂದ ಹಣ ಹಾಕುವುದು ಸಾಮಾನ್ಯ. ಕೆಲವು ನೂರು ಪ್ರತಿಗಳು ಅಚ್ಚಾಗುತ್ತವೆ. ಗ್ರಂಥಾಲಯ ಇಲಾಖೆ ಕೊಂಡರೆ ಅದೃಷ್ಟ. ಮಿಕ್ಕವು ಮನೆಯ ಅಟ್ಟ ಸೇರುತ್ತವೆ. ಎರಡನೆಯ ಮುದ್ರಣ ಅಪರೂಪ. ಹಾಗಿದ್ದರೂ ಆ ಪುಸ್ತಕ ಎಲ್ಲರಿಗೂ ಸಿಗುವಂತೆ ನಾವು ಮಾಡುವುದಿಲ್ಲ. ಯಾರಿಗೂ ಲಾಭವಿಲ್ಲದ ಬೀಗ ಇದು. ಇದನ್ನು ಹಾಕಿದ್ದು ಅಭ್ಯಾಸ, ಅಂಜಿಕೆ ಮತ್ತು ಅಲಕ್ಷ್ಯ.

ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ಯುಜಿಸಿ 2009ರಲ್ಲಿಯೇ ನಿಯಮ ಮಾಡಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ 'ಶೋಧಗಂಗಾ' ಸಂಗ್ರಹ ಹಾಗೆ ಬೆಳೆದು ಇಂದು ಲಕ್ಷಾಂತರ ಪ್ರಬಂಧಗಳನ್ನು ಒಳಗೊಂಡಿದೆ. ಕನ್ನಡದ ಪ್ರಬಂಧಗಳೂ ಅಲ್ಲಿವೆ. ಆದರೆ ಅವುಗಳನ್ನು ಹುಡುಕಿದವರಿಗೆ ಕಷ್ಟ ಗೊತ್ತು. ಅನೇಕ ಪ್ರಬಂಧಗಳು ಯೂನಿಕೋಡಿಗಿಂತ ಹಿಂದಿನ ಅಕ್ಷರ ವಿನ್ಯಾಸಗಳಲ್ಲಿ ಬೆರಳಚ್ಚಾದವು. ಒಳಗಿನ ಪಠ್ಯವನ್ನು ಗಣಕಯಂತ್ರ ಓದಿದರೆ ಅದಕ್ಕೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಇನ್ನು ಕೆಲವು ಸ್ಕ್ಯಾನ್ ಮಾಡಿದ ಚಿತ್ರಗಳು ಮಾತ್ರ. ಶೀರ್ಷಿಕೆಯನ್ನು ಒಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. 'ಬೂದಿಕೋಟೆ' ಎಂದು ಕನ್ನಡದಲ್ಲಿ ಹುಡುಕಿದರೆ ಅಂಥ ಪ್ರಬಂಧ ಸಿಗುವುದಿಲ್ಲ, ಅದರಲ್ಲಿ ಬೂದಿಕೋಟೆಗೆ ಒಂದು ಅಧ್ಯಾಯವೇ ಇದ್ದರೂ ಸಿಗುವುದಿಲ್ಲ. 2009ಕ್ಕಿಂತ ಹಿಂದಿನ ಪ್ರಬಂಧಗಳಂತೂ ಹೆಚ್ಚಾಗಿ ವಿಶ್ವವಿದ್ಯಾಲಯಗಳ ಗ್ರಂಥಾಲಯದ ಕಪಾಟುಗಳಲ್ಲಿಯೇ ಇವೆ.

ನನ್ನ ಪ್ರಬಂಧದ ಕಥೆಯನ್ನೂ ಹೇಳಬೇಕು. ಕೋಲಾರ ಸೀಮೆಯ ಕೆರೆಗಳ ಶಾಸನಗಳನ್ನು ಕುರಿತು ಕ್ಷೇತ್ರಕಾರ್ಯ ಮಾಡುತ್ತಿದ್ದಾಗ, ಬಂಗಾರಪೇಟೆ ತಾಲ್ಲೂಕಿನ ಒಂದು ಸಣ್ಣ ಕೆರೆಯ ಕೋಡಿಯ ಬಳಿ ರೈಸ್ ಅವರ ಸಂಪುಟದಲ್ಲಿಲ್ಲದ ಕಲ್ಲೊಂದು ನನ್ನ ಕಣ್ಣಿಗೆ ಬಿತ್ತು. ಊರವರೊಬ್ಬರು ಕೊಡದಲ್ಲಿ ನೀರು ತಂದು ತೊಳೆಯಲು ನೆರವಾದರು. ಪಡಿಯಚ್ಚು ತೆಗೆದೆ, ಫೋಟೋ ತೆಗೆದೆ, ನನಗೆ ತಿಳಿದಂತೆ ಪಾಠವನ್ನು ಓದಿ ಪ್ರಬಂಧದ ಅನುಬಂಧದಲ್ಲಿ ಸೇರಿಸಿದೆ. ಅದನ್ನು ಪ್ರತ್ಯೇಕ ಲೇಖನವಾಗಿ ಪ್ರಕಟಿಸಬೇಕೆಂದಿದ್ದೆ. ಒಳ್ಳೆಯ ಪತ್ರಿಕೆಯೊಂದರಲ್ಲಿ ಬರಲಿ, ಅಲ್ಲಿಯವರೆಗೆ ಬೇರೆಯವರ ಕೈಗೆ ಸಿಗದಿರಲಿ ಎಂಬುದು ನನ್ನ ಲೆಕ್ಕ. ಆ ಲೆಕ್ಕದಲ್ಲಿ ವರ್ಷಗಳು ಕಳೆದವು. ಮತ್ತೆ ಆ ಕಡೆ ಹೋದಾಗ ಕೋಡಿಯನ್ನು ಸಿಮೆಂಟಿನಲ್ಲಿ ಹೊಸದಾಗಿ ಕಟ್ಟಿದ್ದರು. ಕಲ್ಲು ಇರಲಿಲ್ಲ. ಕಟ್ಟಿದವರಿಗೆ ಅದು ಏನೆಂದು ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಯಾರಿಗೂ ಹೇಳಿರಲಿಲ್ಲ. ಊರಿನ ಪಂಚಾಯಿತಿಯಲ್ಲಿ ಆ ಪಾಠದ ಒಂದು ಹಾಳೆ ಇದ್ದಿದ್ದರೆ ಆ ಕಲ್ಲು ಉಳಿಯುತ್ತಿತ್ತೇನೋ. ಈಗ ಅದು ಇರುವುದು ಪ್ರಬಂಧದ ಮೂರು ಪ್ರತಿಗಳಲ್ಲಿ ಮಾತ್ರ.

ಶಾಸನವೆಂಬುದು ಸ್ವಭಾವದಿಂದಲೇ ಬಹಿರಂಗ ಪ್ರಕಟಣೆ. ಕೆರೆಯ ಏರಿಯ ಮೇಲೆ, ದೇವಾಲಯದ ಬಾಗಿಲಲ್ಲಿ, ಊರ ಮುಂದೆ, ದಾರಿಹೋಕರು ನೋಡಲೆಂದೇ ಅದನ್ನು ನಿಲ್ಲಿಸಿದರು. ಸಾವಿರ ವರ್ಷ ಬಯಲಿನಲ್ಲಿ ಎಲ್ಲರ ಮುಂದೆ ನಿಂತಿದ್ದ ಬರಹವನ್ನು ನಾನು ಕಪಾಟಿಗೆ ಸೇರಿಸಿದೆ. ಇದಕ್ಕೆ ಪದವಿಯೂ ಬಂದಿತು.

ಓಲೆಗರಿಯ ಪಾಠ

ಜ್ಞಾನವನ್ನು ಹಂಚುವುದು ನಮಗೆ ಪಶ್ಚಿಮದಿಂದ ಬಂದ ವಿಚಾರವಲ್ಲ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವನ್ನು ಜೈನ ಪರಂಪರೆ ಎಣಿಸಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಸಂಗತಿ. ಒಂದೊಂದು ಓಲೆಯನ್ನೂ ಕಂಠದಿಂದ ಕೊರೆದು ಬರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿ! ಆ ಲಿಪಿಕಾರರ ಕೂಲಿಯನ್ನು ಓದುಗನೂ ಕೊಡಲಿಲ್ಲ, ಕವಿಯೂ ಕೊಡಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅತ್ತಿಮಬ್ಬೆಯದು ವಜ್ರ ಮಾರ್ಗ.

ಆದರೆ ನಮ್ಮ ಪರಂಪರೆಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ಆತ್ಮಪ್ರಶಂಸೆಯಾದೀತು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಅದರ ಜೊತೆಗೆ ಜಯಧವಲಾ ಮತ್ತು ಮಹಾಬಂಧ ಗ್ರಂಥಗಳು, ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ಓಲೆಗಳಲ್ಲಿ ಉಳಿದಿದ್ದವು. ಯಾತ್ರಿಕರಿಗೆ ಅವುಗಳ ದರ್ಶನ ಸಿಗುತ್ತಿತ್ತು, ಪಠನ ಸಿಗುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡು, ಪ್ರತಿ ಮಾಡಿಸುವ ಕಾರ್ಯ ಆರಂಭವಾಯಿತು. ಆ ಪ್ರತಿಗಳೂ ಮೂಡುಬಿದಿರೆಯಲ್ಲಿಯೇ ಉಳಿಯಬೇಕೆಂಬ ನಿಲುವು ಇತ್ತು. ಆದರೆ ಪ್ರತಿಕಾರರಾಗಿದ್ದ ಗಜಪತಿ ಶಾಸ್ತ್ರಿಗಳು ಗುಟ್ಟಾಗಿ ಮಾಡಿಕೊಂಡ ಇನ್ನೊಂದು ಪ್ರತಿ ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿಂದ ಪ್ರತಿಗೆ ಪ್ರತಿ ಹುಟ್ಟಿ ಹಲವು ಊರುಗಳಿಗೆ ಹರಡಿತು. ಆ ಪ್ರತಿಗಳ ಆಧಾರದಿಂದಲೇ ಹೀರಾಲಾಲ್ ಜೈನ್ ಅವರು 1939ರಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟವನ್ನು ಹೊರತಂದರು. ಮುಂದಿನ ಎರಡು ದಶಕಗಳಲ್ಲಿ ಹದಿನಾರು ಸಂಪುಟಗಳು ಪೂರ್ಣಗೊಂಡವು.

ಈ ಕಥೆಯಲ್ಲಿ ಯಾರನ್ನೂ ಖಳರನ್ನಾಗಿ ಮಾಡಬೇಕಾಗಿಲ್ಲ. ಶತಮಾನಗಳ ಕಾಲ ಆ ಓಲೆಗಳನ್ನು ಬೆಂಕಿ, ನೀರು, ಗೆದ್ದಲುಗಳಿಂದ ಕಾಪಾಡಿದ ಮೂಡುಬಿದಿರೆಯವರ ಋಣ ದೊಡ್ಡದು. ಗುಟ್ಟಾಗಿ ಪ್ರತಿ ಮಾಡಿದ್ದನ್ನು ನೀತಿಯೆಂದು ನಾನು ಹೊಗಳಲಾರೆ. ಗಮನಿಸಬೇಕಾದದ್ದು ಅನಂತರ ನಡೆದದ್ದು. ಪ್ರಕಟವಾದ ಸಂಪುಟವನ್ನು ಕಂಡ ಮೇಲೆ ಮೂಡುಬಿದಿರೆಯವರೇ ಮೂಲ ಓಲೆಗಳೊಡನೆ ಹೋಲಿಸಿ ನೋಡಲು ಅವಕಾಶ ಮಾಡಿಕೊಟ್ಟರು. ಪ್ರತಿಯಿಂದ ಪ್ರತಿಗೆ ನುಸುಳಿದ್ದ ತಪ್ಪುಗಳು ತಿದ್ದಿಹೋದವು. ಮುಚ್ಚಿಟ್ಟಾಗ ಆ ಗ್ರಂಥ ಪೂಜೆಗೊಂಡಿತು. ತೆರೆದಾಗ ಶುದ್ಧವೂ ಆಯಿತು, ಅದರ ಮೇಲಿನ ಪೂಜ್ಯಭಾವವೂ ಕಡಿಮೆಯಾಗಲಿಲ್ಲ. ಕಾಪಾಡುವುದು ಬೇರೆ, ಮುಚ್ಚಿಡುವುದು ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ನಿದರ್ಶನ ನನಗೆ ಕಾಣದು.

ಮೂರು ಆಕ್ಷೇಪಗಳು

ಸಹೋದ್ಯೋಗಿಗಳ ಮುಂದೆ ಈ ಮಾತನ್ನು ಎತ್ತಿದಾಗ ಮೂರು ಆಕ್ಷೇಪಗಳು ಬರುತ್ತವೆ. ಅವು ಹಗುರವಾದವಲ್ಲ.

ಮೊದಲನೆಯದು ಕೃತಿಚೌರ್ಯದ ಭಯ. "ತೆರೆದಿಟ್ಟರೆ ನಾಳೆಯೇ ಇನ್ನೊಬ್ಬರ ಹೆಸರಿನಲ್ಲಿ ಬರುತ್ತದೆ" ಎನ್ನುತ್ತಾರೆ. ಅನುಭವ ಹೇಳುವುದು ಇದಕ್ಕೆ ವಿರುದ್ಧವಾಗಿದೆ. ಕದಿಯಲು ಅತಿ ಸುಲಭವಾದದ್ದು ಯಾರೂ ಓದದ ಪ್ರಬಂಧ. ಕಪಾಟಿನಲ್ಲಿದ್ದುದನ್ನು ಕದ್ದರೆ ಹಿಡಿಯುವವರಾರು? ಯುಜಿಸಿ 2018ರಲ್ಲಿ ಕೃತಿಚೌರ್ಯದ ವಿರುದ್ಧ ನಿಯಮಾವಳಿ ತಂದಿದೆ. ಆದರೆ ಹೋಲಿಸಿ ನೋಡುವ ತಂತ್ರಾಂಶಕ್ಕೆ ಹೋಲಿಸಲು ಕನ್ನಡ ಪಠ್ಯವೇ ಸಿಗದಿದ್ದರೆ ಅದು ಎಲ್ಲ ಪ್ರಬಂಧಗಳಿಗೂ ನಿರ್ದೋಷಿಯೆಂದು ಪತ್ರ ಕೊಡುತ್ತದೆ. ಯೂನಿಕೋಡಿನಲ್ಲಿ, ದಿನಾಂಕದೊಡನೆ, ಲೇಖಕನ ಹೆಸರಿನೊಡನೆ ಬಯಲಿನಲ್ಲಿರುವ ಬರಹವೇ ಹೆಚ್ಚು ಸುರಕ್ಷಿತ.

ಎರಡನೆಯದು ಪ್ರಕಾಶಕರ ಜೀವನೋಪಾಯ. ಇದನ್ನು ನಾನು ಗೌರವಿಸುತ್ತೇನೆ. ಸಣ್ಣ ಕನ್ನಡ ಪ್ರಕಾಶಕನನ್ನು ಬಹುರಾಷ್ಟ್ರೀಯ ಸಂಸ್ಥೆಯೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಕಥೆ, ಕಾದಂಬರಿ, ಪಠ್ಯಪುಸ್ತಕಗಳ ಮಾತನ್ನು ನಾನು ಆಡುತ್ತಿಲ್ಲ. ಸಂಬಳ ಅಥವಾ ಶಿಷ್ಯವೇತನ ಪಡೆದು ಮಾಡಿದ ಸಂಶೋಧನೆಯ ಮಾತು ಇದು. ಅಂಥ ಪುಸ್ತಕಕ್ಕೂ ಮುದ್ರಣದ ಹಕ್ಕು ಪ್ರಕಾಶಕನಿಗೆ ಇರಲಿ. ಮೂರು ವರ್ಷವೋ ಐದು ವರ್ಷವೋ ಮಾರಿಕೊಳ್ಳಲಿ. ಅನಂತರ ಅಂತರಜಾಲದಲ್ಲಿ ಇರಿಸುವ ಹಕ್ಕು ಲೇಖಕನಲ್ಲಿ ಉಳಿಯುತ್ತದೆಯೆಂಬ ಒಂದು ಸಾಲನ್ನು ಒಪ್ಪಂದದಲ್ಲಿ ಬರೆಸಿದರೆ ಸಾಕು. ಹಾಗೆ ಬರೆಸದಿದ್ದರೆ ಲೇಖಕನ ಮರಣಾನಂತರ 60 ವರ್ಷ ಕಾಯಬೇಕಾದೀತು. ಅಷ್ಟರಲ್ಲಿ ಪ್ರಕಾಶನವೂ ಇರುವುದಿಲ್ಲ, ಪ್ರತಿಯೂ ಇರುವುದಿಲ್ಲ.

ಮೂರನೆಯ ಆಕ್ಷೇಪವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಎಲ್ಲರೂ ಓದುವಂತಾದರೆ ನಮ್ಮ ತಪ್ಪುಗಳು ಹೊರಬೀಳುತ್ತವೆ. ಇದು ನನ್ನನ್ನೂ ಬಹುಕಾಲ ತಡೆದ ಅಂಜಿಕೆ. ಇಪ್ಪತ್ತು ವರ್ಷಗಳ ಹಿಂದಿನ ಪ್ರಬಂಧದಲ್ಲಿ ಇಂದು ನನಗೇ ಒಪ್ಪಿಗೆಯಾಗದ ವಾಕ್ಯಗಳಿವೆ. ಆದರೆ ರೈಸ್ ಅವರ ತಪ್ಪುಗಳನ್ನು ನಾವು ತಿದ್ದಲು ಸಾಧ್ಯವಾದದ್ದು ಅವರು ಪ್ರಕಟಿಸಿದ್ದರಿಂದಲೇ ಅಲ್ಲವೇ?

ಆಗಿರುವುದು, ಆಗಬೇಕಾದದ್ದು

ಕನ್ನಡದಲ್ಲಿ ಏನೂ ಆಗಿಲ್ಲವೆಂದು ಹೇಳುವುದು ತಪ್ಪಾಗುತ್ತದೆ. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಗೆ ಒಳಪಡಿಸಿತು. ಅದರ ಲೇಖನಗಳು ಇಂದು ವಿಕಿಪೀಡಿಯದ ಮೂಲಕ ಹಳ್ಳಿಯ ವಿದ್ಯಾರ್ಥಿಯನ್ನೂ ತಲುಪುತ್ತಿವೆ. ಉತ್ಸಾಹಿ ತಂತ್ರಜ್ಞರೂ ಸಾಹಿತಿಗಳೂ ಸೇರಿ ಕಟ್ಟಿದ 'ವಚನ ಸಂಚಯ'ದಲ್ಲಿ ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ವಚನದಲ್ಲಿದೆಯೆಂದು ಕ್ಷಣದಲ್ಲಿ ತಿಳಿಯುತ್ತದೆ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಕೋಲಾರಕ್ಕೂ ಅಂಥ ಭಾಗ್ಯ ಪೂರ್ಣವಾಗಿ ಬರಬೇಕು.

ಎಚ್ಚರಿಕೆಯೂ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ಸಾವಿರಾರು ಕನ್ನಡ ಪುಸ್ತಕಗಳನ್ನೂ ಒಳಗೊಂಡು ಬೆಳೆದ ಭಾರತದ ಡಿಜಿಟಲ್ ಗ್ರಂಥಾಲಯದ ಜಾಲತಾಣ ಮುಚ್ಚಿಹೋಯಿತು. ಆ ಪುಸ್ತಕಗಳಲ್ಲಿ ಬಹುಪಾಲು ಇಂದಿಗೂ ಸಿಗುತ್ತಿರುವುದು, ಇಂಟರ್‌ನೆಟ್ ಆರ್ಕೈವ್ ಎಂಬ ಬೇರೊಂದು ಸಂಗ್ರಹದಲ್ಲಿ ಅವುಗಳ ಪ್ರತಿಗಳನ್ನು ಇರಿಸಿದ್ದರಿಂದ. ಓಲೆಯಾಗಲಿ ಗಣಕಯಂತ್ರವಾಗಲಿ, ಒಂದೇ ಕಡೆ ಇದ್ದದ್ದಕ್ಕೆ ಆಯುಸ್ಸು ಕಡಿಮೆ.

ಹಾಗಾದರೆ ಮಾಡಬೇಕಾದದ್ದೇನು? ವಿಶ್ವವಿದ್ಯಾಲಯಗಳು ತಮ್ಮ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನೂ ಮಾರಾಟ ಮುಗಿದ ಪ್ರಸಾರಾಂಗದ ಪ್ರಕಟಣೆಗಳನ್ನೂ ತೆರೆದಿಡಲಿ. ಇದಕ್ಕೆ ಬೇಕಾಗುವ ಹಣ ಒಂದು ವಿಚಾರ ಸಂಕಿರಣದ ಊಟೋಪಚಾರಕ್ಕಿಂತ ಬಹಳ ಹೆಚ್ಚೇನಲ್ಲ. ಹೊಸ ಮಹಾಪ್ರಬಂಧಗಳನ್ನು ಯೂನಿಕೋಡಿನಲ್ಲಿ ಮಾತ್ರ ಸ್ವೀಕರಿಸಲಿ, ಕನ್ನಡ ಶೀರ್ಷಿಕೆಯನ್ನು ಕನ್ನಡದಲ್ಲಿಯೇ ದಾಖಲಿಸಲಿ. ಅಭಿನಂದನ ಗ್ರಂಥಗಳ ಸಂಪಾದಕರು ಲೇಖನಗಳನ್ನು ಬಿಡಿಬಿಡಿಯಾಗಿ ಹಂಚಿಕೊಳ್ಳಲು ಲೇಖಕರಿಗೆ ಅನುಮತಿ ಕೊಡಲಿ. ಆದರೆ ಇವೆಲ್ಲ ಆದೇಶಕ್ಕಾಗಿ ಕಾಯುವ ಕೆಲಸಗಳು. ಲೇಖಕ ತಾನೇ ಮಾಡಬಹುದಾದ ಕೆಲಸಕ್ಕೆ ಯಾವ ಆದೇಶವೂ ಬೇಕಾಗಿಲ್ಲ.

ಬೂದಿಕೋಟೆಯ ವಿದ್ಯಾರ್ಥಿನಿಗೆ ಉತ್ತರ ಕೊಡಲಾಗದ ದಿನ ನಾನು ನನ್ನ ಪ್ರಬಂಧವನ್ನು ಕಪಾಟಿನಿಂದ ತೆಗೆದೆ. ಅದರ ಸಿ.ಡಿ. ತೆರೆಯಲಿಲ್ಲ. ಕೊನೆಗೆ ಅಚ್ಚಿನ ಪ್ರತಿಯನ್ನೇ ಪುಟಪುಟವಾಗಿ ಸ್ಕ್ಯಾನ್ ಮಾಡಿಸಿದೆ. ಅನುಬಂಧದ ಶಾಸನ ಪಾಠಗಳನ್ನು ಅವಳೂ ಅವಳ ಇಬ್ಬರು ಸಹಪಾಠಿಗಳೂ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದರು. ಶಕಟರೇಫವನ್ನೂ ರಳವನ್ನೂ ಬೆರಳಚ್ಚಿಸುವುದು ಹೇಗೆಂದು ಅವರು ಕಲಿತರು. ಅವರಿಂದ ನಾನು ಕಲಿತೆನೆಂದರೂ ತಪ್ಪಿಲ್ಲ.

ಕಾಣೆಯಾದ ಆ ಕಲ್ಲಿನ ಪಾಠದಲ್ಲಿ ಒಂದು ಊರಿನ ಹೆಸರು ಬರುತ್ತದೆ. ಅದಕ್ಕೆ ನಾನು 'ಈ ಸ್ಥಳವನ್ನು ಗುರುತಿಸಲಾಗಿಲ್ಲ' ಎಂದು ಅಡಿಟಿಪ್ಪಣಿ ಬರೆದಿದ್ದೆ. ಬೆರಳಚ್ಚು ಮಾಡಿದ ಹಾಳೆಯನ್ನು ಅವಳು ಮನೆಯಲ್ಲಿ ತನ್ನ ತಾತನಿಗೆ ಓದಿ ಹೇಳಿದಳಂತೆ. ಅದು ತಮ್ಮ ಹೊಲದ ಆಚೆಗಿರುವ ಬೇಚಿರಾಕ್ ಗ್ರಾಮದ ಹೆಸರು, ಈಗ ಮನೆಗಳಿಲ್ಲ, ಪಹಣಿಯಲ್ಲಿ ಮಾತ್ರ ಹೆಸರು ಉಳಿದಿದೆ ಎಂದು ಆ ಹಿರಿಯರು ಹೇಳಿದರು. ನಾನು ನಕ್ಷೆಗಳಲ್ಲಿ ಹುಡುಕಿ ಸೋತ ಊರು ಅದು. ನನ್ನ ಪ್ರಬಂಧ ಆ ಮನೆಯನ್ನು ತಲುಪಲು ಇಪ್ಪತ್ತು ವರ್ಷ ಬೇಕಾಯಿತು. ತಲುಪಿದ ಸಂಜೆಯೇ ಒಂದು ಅಡಿಟಿಪ್ಪಣಿ ತಿದ್ದಿತು.

ಪ್ರಬಂಧದ ಸ್ಕ್ಯಾನ್ ಪ್ರತಿಯನ್ನೂ ಶಾಸನ ಪಾಠಗಳನ್ನೂ ಪಡಿಯಚ್ಚುಗಳ ಚಿತ್ರಗಳನ್ನೂ ಎಲ್ಲರಿಗೂ ಸಿಗುವಂತೆ ಎರಡು ಬೇರೆ ಬೇರೆ ಸಂಗ್ರಹಗಳಲ್ಲಿ ಇರಿಸಿದ್ದೇನೆ. ಕೆರೆಯ ಪಂಚಾಯಿತಿಗೆ ಅಚ್ಚಿನ ಪ್ರತಿಯೊಂದನ್ನು ಕೊಟ್ಟು ಬಂದಿದ್ದೇನೆ. ಅದರಲ್ಲಿ ತಪ್ಪುಗಳಿವೆ, ಕಂಡವರು ತಿಳಿಸಬೇಕು. ಕೋಲಾರ ಸೀಮೆಯನ್ನು ಕುರಿತು ಪ್ರಬಂಧ ಬರೆದು ಕಪಾಟಿನಲ್ಲಿಟ್ಟಿರುವ ಮಿತ್ರರು ಅನೇಕರಿದ್ದಾರೆ. ಬೆರಳಚ್ಚು ಮಾಡುವ ಕೈಗಳು ನಮ್ಮ ಕಾಲೇಜಿನಲ್ಲಿವೆ. ಪ್ರಬಂಧವನ್ನು ಕಳುಹಿಸಿಕೊಡಿರೆಂದು ಅವರನ್ನು ಕೇಳಿಕೊಳ್ಳುತ್ತೇನೆ.